ಪರಿಧಿಯ ಪಾಲು

2010ರಲ್ಲಿ ಫೆರಾರಿ 458 ಇಟಾಲಿಯಾ ಕಾರುಗಳು ಅಲ್ಲೊಂದು ಇಲ್ಲೊಂದು ಹೊತ್ತಿ ಉರಿಯತೊಡಗಿದವು. ಮಾರುಕಟ್ಟೆಗೆ ಬಂದು ಹೆಚ್ಚು ದಿನವಾಗಿರದ, ಕೋಟಿಗಳಲ್ಲಿ ಬೆಲೆ ಬಾಳುವ ಕಾರು ಅದು. ತನಿಖೆಯಲ್ಲಿ ಸಿಕ್ಕ ಕಾರಣ ವಿಚಿತ್ರವಾಗಿತ್ತು. ಹಿಂಬದಿಯ ಚಕ್ರದ ಕಮಾನಿನೊಳಗೆ, ಎಕ್ಸಾಸ್ಟ್ ಕೊಳವೆಯ ಮಗ್ಗುಲಲ್ಲಿ, ಶಾಖ ತಡೆಯಲೆಂದೇ ಹೀಟ್ ಶೀಲ್ಡ್ ಕೂರಿಸಿದ್ದರು. ಅದನ್ನು ಅಂಟು ಹಾಕಿ ನಿಲ್ಲಿಸಿದ್ದರು. ಕಾರು ಬಿಸಿಯೇರಿದಾಗ ಆ ಅಂಟೇ ಬೆಂಕಿ ಹಿಡಿಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಕಂಪನಿ 1,248 ಕಾರುಗಳನ್ನು ವಾಪಸು ಕರೆಸಿ, ಅಂಟು ಕಿತ್ತು, ಲೋಹದ ಹಿಡಿಕೆ ಹಾಕಿಕೊಟ್ಟಿತು.

ಮಹಾಭಾರತ ಬಲ್ಲವರಿಗೆ ಇದನ್ನು ಕೇಳಿದೊಡನೆ ಅರಗಿನ ಮನೆ ನೆನಪಾಗುತ್ತದೆ. ಅಲ್ಲೂ ಹಾಗೆಯೇ, ಕಾಪಾಡಬೇಕಾದ ಗೋಡೆಯೇ ಉರುವಲು. ಪಾಂಡವರನ್ನು ಸುಡಲೆಂದು ವಾರಣಾವತದಲ್ಲಿ ಪುರೋಚನ ಕಟ್ಟಿಸಿದ ಆ ಮನೆಯ ಸಂಚನ್ನು ವಿದುರ ಮೊದಲೇ ಸೂಚಿಸಿದ, ಸುರಂಗ ತೋಡಿಸಿದ, ಪಾಂಡವರು ಪಾರಾದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಟ್ಟುಸಿರುಬಿಟ್ಟು ಮುಂದಕ್ಕೆ ಹೋಗುತ್ತಾರೆ. ಆದರೆ ಆದಿಪರ್ವ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ. ಅಂದು ಕುಂತಿ ಊಟ ಹಾಕಿಸಿದ್ದಳು. ಒಬ್ಬ ನಿಷಾದ ಹೆಂಗಸು ತನ್ನ ಐವರು ಗಂಡುಮಕ್ಕಳೊಂದಿಗೆ ಬಂದು, ಉಂಡು ಕುಡಿದು ಅಲ್ಲೇ ಮಲಗಿದಳು. ಭೀಮ ಬೆಂಕಿಯಿಟ್ಟ. ಬೆಳಗ್ಗೆ ಊರವರಿಗೆ ಸಿಕ್ಕ ಆರು ಸುಟ್ಟ ದೇಹಗಳನ್ನು ಕುಂತಿಯದು, ಪಾಂಡವರದು ಎಂದು ಎಲ್ಲರೂ ನಂಬಿದರು. ಪಾಂಡವರು ಬದುಕಿಕೊಂಡದ್ದಕ್ಕೆ ಆ ನಂಬಿಕೆಯೂ ಒಂದು ಕಾರಣ. ಆ ತಾಯಿಯ ಹೆಸರನ್ನು ವ್ಯಾಸಭಾರತ ಹೇಳುವುದಿಲ್ಲ.

ಒಬ್ಬರಿಗೆ ತಾಗಬೇಕಿದ್ದ ಬೆಂಕಿಯನ್ನು ತಪ್ಪಿಸಿದರೆ ಅದು ಹೋಗಿ ತಾಗುವುದು ಯಾರಿಗೆ? ಧರ್ಮಶಾಸ್ತ್ರಕ್ಕೂ ಮೋಟಾರು ಗ್ಯಾರೇಜಿಗೂ ಈ ಪ್ರಶ್ನೆ ಒಂದೇ. ಗ್ಯಾರೇಜಿನಲ್ಲಿ ಅದಕ್ಕೆ ಉತ್ತರ ಹುಡುಕುವುದು ಸ್ವಲ್ಪ ಸುಲಭ, ಯಾಕೆಂದರೆ ಅಲ್ಲಿ ಬಿಸಿಯನ್ನು ಅಳೆಯಬಹುದು.

ಪೆಟ್ರೋಲ್ ಎಂಜಿನ್ನಿನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಉಳಿದದ್ದು ರೇಡಿಯೇಟರ್ ಮೂಲಕ, ಸೈಲೆನ್ಸರ್ ಮೂಲಕ, ಎಂಜಿನ್ನಿನ ಮೈಯ ಮೂಲಕ ಬಿಸಿಯಾಗಿ ಹೊರಗೆ ಹೋಗುತ್ತದೆ. ಇದನ್ನು ಕಟ್ಟಿದವರ ಅಸಡ್ಡೆ ಎನ್ನುವಂತಿಲ್ಲ. 1824ರಲ್ಲಿ ಸಾದಿ ಕಾರ್ನೋ ಎಂಬ 28ರ ಹರೆಯದ ಫ್ರೆಂಚ್ ಎಂಜಿನಿಯರ್ ಒಂದು ಸಣ್ಣ ಪುಸ್ತಕ ಬರೆದು, ಬೆಂಕಿಯಿಂದ ಕೆಲಸ ತೆಗೆಯುವ ಯಾವ ಯಂತ್ರವೂ ಒಂದಷ್ಟು ಬಿಸಿಯನ್ನು ತಣ್ಣಗಿನ ಕಡೆಗೆ ಬಿಟ್ಟುಕೊಡದೆ ನಡೆಯಲಾರದು ಎಂದು ತೋರಿಸಿದ. ಎಂಥ ಜಾಣ ಬಂದರೂ ಆ ಪಾಲನ್ನು ಸೊನ್ನೆ ಮಾಡಲಾರ. ಎಲ್ಲಿಗೆ ಬಿಡಬೇಕು ಎಂಬುದಷ್ಟೇ ಅವನ ಕೈಯಲ್ಲಿರುವುದು.

ಹಾಗೆ ಹೊರಡುವ ಹೊಗೆಗಾಳಿ ಎಂಜಿನ್ ಜೋರಾಗಿ ದುಡಿಯುವಾಗ 700ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಘಾಟಿ ಹತ್ತುವ ಟರ್ಬೊ ಎಂಜಿನ್ನಿನ ಬಾನೆಟ್ಟನ್ನು ಕತ್ತಲಲ್ಲಿ ಎತ್ತಿ ನೋಡಿದರೆ ಟರ್ಬೊದ ಎರಕದ ಕವಚ ಕೆಂಪಗೆ ಮಿನುಗುತ್ತಿರುವುದು ಕಾಣಬಹುದು. ಅದರಿಂದ ಒಂದು ಗೇಣಿನೊಳಗೆ ರಬ್ಬರ್ ಹೋಸ್, ಪ್ಲಾಸ್ಟಿಕ್ ಕ್ಲಿಪ್, ವೈರು, ಬ್ರೇಕ್ ಆಯಿಲ್ ಡಬ್ಬಿ ಎಲ್ಲವೂ ಇರುತ್ತವೆ. ಎಂಜಿನ್ ಆಯಿಲ್ಲಾಗಲಿ ಬ್ರೇಕ್ ಆಯಿಲ್ಲಾಗಲಿ ಅಷ್ಟು ಕಾದ ಲೋಹದ ಮೇಲೆ ತೊಟ್ಟಿಕ್ಕಿದರೆ ಹೊತ್ತಿಕೊಳ್ಳಲು ಕಿಡಿಯೇ ಬೇಕಿಲ್ಲ.

ಬಿಸಿ ಸಾಗಲು ಮೂರು ದಾರಿಗಳಿವೆ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಇಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು ಮೂರನೆಯದು, ವಿಕಿರಣ. ನಿರಪೇಕ್ಷ ಮಾನದಲ್ಲಿ ಉಷ್ಣತೆ ಎರಡು ಪಟ್ಟಾದರೆ ವಿಕಿರಣ ಹದಿನಾರು ಪಟ್ಟಾಗುತ್ತದೆ. ಇದಕ್ಕೆ ದಪ್ಪ ಗೋಡೆಗಿಂತ ಹೊಳೆಯುವ ತೆಳು ತಗಡು ಮೇಲು. ನಯವಾದ ಅಲ್ಯೂಮಿನಿಯಂ ಹಾಳೆ ತನ್ನ ಮೇಲೆ ಬಿದ್ದ ಶಾಖಕಿರಣದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಹಿಂದಕ್ಕೆ ಅಟ್ಟುತ್ತದೆ. ಚಿನ್ನ ಇನ್ನೂ ಸಮರ್ಥ. 1992ರಲ್ಲಿ ಜಗತ್ತಿಗೆ ಕಾಣಿಸಿಕೊಂಡ ಮೆಕ್ಲಾರೆನ್ ಎಫ್1 ಕಾರಿನ ವಿನ್ಯಾಸಕಾರ ಗಾರ್ಡನ್ ಮರ್ರಿ, ಕಾರ್ಬನ್ ಫೈಬರ್ ಮೈಯನ್ನು ಎಂಜಿನ್ನಿನ ಬೇಗೆಯಿಂದ ಕಾಯಲು ಎಂಜಿನ್ ಗೂಡಿನ ಒಳಮೈಗೆ ಚಿನ್ನದ ಹಾಳೆ ಹೊದಿಸಿದ. ಒಂದು ಕಾರಿಗೆ ಸುಮಾರು 16 ಗ್ರಾಂ ಹಿಡಿಯಿತಂತೆ. ನಮ್ಮಲ್ಲಿ ಅಷ್ಟು ಚಿನ್ನಕ್ಕೆ ಒಂದು ಸರವಾಗುತ್ತದೆ. ಅಲ್ಲಿ ಅದು ಯಾರ ಕಣ್ಣಿಗೂ ಬೀಳದೆ, ಮಸಿ ಮೆತ್ತಿಕೊಂಡು ಕೆಲಸ ಮಾಡುತ್ತದೆ.

ಸಾಮಾನ್ಯ ಕಾರಿನ ಹೀಟ್ ಶೀಲ್ಡ್ ಇಷ್ಟು ವೈಭವದ್ದಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಾಗಿ ಕೂತ, ಗುಳಿ ಗುಳಿಯಾಗಿ ಒತ್ತಿದ ಒಂದು ತಗಡು. ಹಲವು ಕಾರುಗಳಲ್ಲಿ ಅದು ಎರಡು ಪದರ, ನಡುವೆ ತೆಳ್ಳಗೆ ಗಾಳಿ ಅಥವಾ ಖನಿಜದ ನಾರು. ಮೂರೋ ನಾಲ್ಕೋ ಹತ್ತು ನಂಬರಿನ ಬೋಲ್ಟುಗಳು ಅದನ್ನು ಹಿಡಿದಿರುತ್ತವೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಬೋಲ್ಟಿನ ತೂತಿನ ಸುತ್ತ ತುಕ್ಕು ತಿಂದು ತಗಡು ಸಡಿಲವಾಗುತ್ತದೆ. ಆಗ ಎಂಜಿನ್ ನಿಧಾನವಾಗಿ ಓಡುವಾಗ ಕಿರ್ರ್ ಎಂಬ ತೆಳು ಸದ್ದು. ಮಾಲೀಕ ಆ ಸದ್ದಿನ ದೂರು ಹಿಡಿದು ಗ್ಯಾರೇಜಿಗೆ ಬರುತ್ತಾನೆ. ಊರೂರಿನ ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುವ ಮಾತು ಆಗ ಬರುತ್ತದೆ: “ಸಾರ್, ಆ ತಗಡು ಸುಮ್ನೆ ಸದ್ದು ಮಾಡ್ತಿತ್ತು, ಬಿಚ್ಚಿ ಹಾಕಿದೀನಿ.” ಸದ್ದು ನಿಲ್ಲುತ್ತದೆ, ಮಾಲೀಕ ಸಂತೋಷದಿಂದ ಮನೆಗೆ ಹೋಗುತ್ತಾನೆ. ಎಷ್ಟೋ ತಿಂಗಳ ಮೇಲೆ ಸ್ಟಿಯರಿಂಗ್ ರ್‍ಯಾಕಿನ ರಬ್ಬರ್ ಬೂಟು ಬಿರುಕು ಬಿಡುತ್ತದೆ, ವೈರಿನ ಹೊದಿಕೆ ಒಣಗಿ ಪುಡಿಯಾಗುತ್ತದೆ, ಮತ್ತು ಆ ಹೊತ್ತಿಗೆ ಬಿಚ್ಚಿ ಎಸೆದ ತಗಡನ್ನು ಯಾರೂ ನೆನೆಯುವುದಿಲ್ಲ.

ಬಿಸಿ ತಡೆಯುವುದಕ್ಕೆ ಇನ್ನೊಂದು ವಿಧಾನ ಎಕ್ಸಾಸ್ಟ್ ಕೊಳವೆಗೆ ಪಟ್ಟಿ ಸುತ್ತುವುದು. ಗಾಜಿನ ನಾರು ಅಥವಾ ಬಸಾಲ್ಟ್ ಶಿಲೆಯ ನಾರಿನಿಂದ ನೇಯ್ದ ಎರಡು ಬೆರಳಗಲದ ಪಟ್ಟಿ. ಕೆಲವರು ಅದನ್ನು ನೀರಿನಲ್ಲಿ ನೆನೆಸಿ, ಸುತ್ತಿನ ಮೇಲೆ ಸುತ್ತು ಸ್ವಲ್ಪ ಏರುವಂತೆ ಬಿಗಿಯಾಗಿ ಎಳೆದು ಸುತ್ತಿ, ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಯಿಂದ ಬಿಗಿಯುತ್ತಾರೆ. ಮೊದಲ ಓಟದಲ್ಲಿ ಒಂದಷ್ಟು ಹೊಗೆ ಬಂದು ನಿಲ್ಲುತ್ತದೆ. ಬಾನೆಟ್ಟಿನ ಒಳಗು ನಿಜವಾಗಿಯೂ ತಣ್ಣಗಾಗುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಹತ್ತು ಡಿಗ್ರಿ ತಂಪಾದರೂ ಅದರ ಸಾಂದ್ರತೆ ಸುಮಾರು ನೂರಕ್ಕೆ ಮೂರರಷ್ಟು ಹೆಚ್ಚುತ್ತದೆ, ಓಟದ ಹುಚ್ಚಿನವರಿಗೆ ಅಷ್ಟೇ ಸಾಕು. ಆದರೆ ಹೊರಗೆ ಹೋಗದ ಆ ಬಿಸಿ ಎಲ್ಲಿ ನಿಂತಿತು? ಕೊಳವೆಯ ಲೋಹದಲ್ಲಿ. ಕಂಬಳಿ ಹೊದ್ದು ಬಿಸಿಲಿಗೆ ಕೂತವನ ಪಾಡು ಅದರದು. ಲೋಹ ಮೊದಲಿಗಿಂತ ಹೆಚ್ಚು ಕಾದು ಹೊಪ್ಪಳೆ ಏಳುತ್ತದೆ, ಬೆಸುಗೆ ಬಿರಿಯುತ್ತದೆ. ಮಳೆಗಾಲದಲ್ಲಿ ಪಟ್ಟಿ ಹೀರಿದ ತೇವ ತುಕ್ಕಿಗೆ ದಾರಿ ಮಾಡುತ್ತದೆ. ಪಟ್ಟಿಗೆ ಆಯಿಲ್ ಸೋರಿ ನೆನೆಯಿತೆಂದರೆ ಅದು ದೀಪದ ಬತ್ತಿಯೇ ಸರಿ.

ಹೀಗೆ ಎಂಜಿನ್ ಗೂಡಿನಲ್ಲಿ ಮಾಡುವ ಪ್ರತಿಯೊಂದು ರಕ್ಷಣೆಯೂ ಒಂದು ಹಂಚಿಕೆ. ವೈರನ್ನು ಕಾದರೆ ಕೊಳವೆ ಸುಡುತ್ತದೆ, ಕೊಳವೆಯನ್ನು ಕಾದರೆ ವೈರು ಸುಡುತ್ತದೆ. ಒಳ್ಳೆಯ ಎಂಜಿನಿಯರ್ ಇದನ್ನು ಒಪ್ಪಿಕೊಂಡು ಕೆಲಸ ಮಾಡುತ್ತಾನೆ. ತಡೆದ ಬಿಸಿಗೆ ಗಾಳಿ ಹಾಯುವ ದಾರಿ ಬಿಡುತ್ತಾನೆ, ಹೆಚ್ಚು ಕಾಯುವ ಜಾಗಕ್ಕೆ ತಾಳುವ ಲೋಹ ಹಾಕುತ್ತಾನೆ. ತಾನು ಬಿಸಿಯನ್ನು ಇಲ್ಲವಾಗಿಸಿದೆ ಎಂಬ ಭ್ರಮೆ ಅವನಿಗಿರುವುದಿಲ್ಲ. ಸಮಾಜಕ್ಕೆ ಮಾತ್ರ ಆ ಭ್ರಮೆ ಬಲವಾಗಿದೆ. ಅದಕ್ಕೆ ಕಲ್ನಾರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಲ್ಲಾಗಿದ್ದೂ ನೂಲಬಹುದಾದ ಖನಿಜ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಶಿಲೆಗಳಲ್ಲೂ ಅದರ ನಿಕ್ಷೇಪಗಳಿವೆ. ಬೆಂಕಿಗೆ ಹಾಕಿದರೆ ಸುಡದೆ ಬೆಳ್ಳಗಾಗಿ ಹೊರಬರುವ ಬಟ್ಟೆಯ ಬಗ್ಗೆ 13ನೇ ಶತಮಾನದಲ್ಲೇ ಮಾರ್ಕೊ ಪೋಲೊ ಹೇಳಿದ್ದಾನೆ. ಅದು ಬೆಂಕಿಯಲ್ಲಿ ಬದುಕುವ ಪ್ರಾಣಿಯ ತುಪ್ಪಳವೆಂದು ಯುರೋಪಿನವರು ನಂಬಿದ್ದರು, ಅಲ್ಲ, ಬೆಟ್ಟದಿಂದ ಅಗೆದು ತೆಗೆದದ್ದು ಎಂದು ಅವನು ತಿದ್ದಿದ. ಮೋಟಾರು ಯುಗಕ್ಕೆ ಈ ನಾರು ದೇವರು ಕೊಟ್ಟ ವರದ ಹಾಗೆ ಒದಗಿತು. 1908ರ ಸುಮಾರಿಗೆ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಇದನ್ನು ರಾಳದೊಂದಿಗೆ ಬೆರೆಸಿ ಫೆರೋಡೊ ಹೆಸರಿನಲ್ಲಿ ಬ್ರೇಕ್ ಲೈನಿಂಗ್ ಮಾಡಿದ. ಕ್ಲಚ್ ಪ್ಲೇಟಿಗೆ, ಸೈಲೆನ್ಸರ್ ಜೋಡಣೆಗೆ, ತಾಮ್ರದ ಎರಡು ಹಾಳೆಗಳ ನಡುವೆ ಸೇರಿಸಿ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟಿಗೆ, ಬಿಸಿ ಇರುವ ಕಡೆಯೆಲ್ಲ ಅದೇ ಬಂತು. ನಮ್ಮ ಮೆಕ್ಯಾನಿಕ್ಕುಗಳು ಪ್ಯಾಕಿಂಗ್ ಎನ್ನುವ ಆ ತೆಳು ಹಾಳೆ ಉರಿಯುವ ಅನಿಲವನ್ನೂ ತಂಪಿನ ನೀರನ್ನೂ ಆಯಿಲ್ಲನ್ನೂ ಒಂದಕ್ಕೊಂದು ಬೆರೆಯದಂತೆ ಹಿಡಿದಿರಬೇಕು. ಒಂದು ಕೂದಲೆಳೆ ಸಂದು ಸಿಕ್ಕಿದರೂ ಎಂಜಿನ್ ಮುಗಿಯಿತು.

ಆ ನಾರನ್ನು ನೂಲುತ್ತಿದ್ದವರಲ್ಲಿ ನೆಲ್ಲಿ ಕರ್ಷಾ ಒಬ್ಬಳು. ಇಂಗ್ಲೆಂಡಿನ ರಾಚ್‌ಡೇಲ್ ಊರಿನವಳು, ಹನ್ನೆರಡನೆಯ ವಯಸ್ಸಿಗೆ ಗಿರಣಿ ಸೇರಿದವಳು. ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ಎಳೆ ನೂಲುತ್ತಿದ್ದಳು. 1922ರಲ್ಲಿ ವೈದ್ಯರು ಇನ್ನು ಕೆಲಸ ಕೂಡದೆಂದರು. 1924ರ ಮಾರ್ಚ್‌ನಲ್ಲಿ, 33ನೇ ವಯಸ್ಸಿನಲ್ಲಿ, ಉಸಿರು ಕಟ್ಟಿ ತೀರಿಕೊಂಡಳು. ವಿಲಿಯಂ ಕುಕ್ ಎಂಬ ರೋಗಶಾಸ್ತ್ರಜ್ಞ ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಖನಿಜದ ಚೂರುಗಳನ್ನು ಕಂಡು, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಕಂಪನಿ ಪರಿಹಾರ ಕೊಡಲಿಲ್ಲ. ಕೊಟ್ಟರೆ ಮುಂದಿನವರಿಗೆ ಮೇಲ್ಪಂಕ್ತಿಯಾಗುತ್ತದೆಂಬ ಭಯ. ಶವಸಂಸ್ಕಾರದ ಖರ್ಚಿಗೂ ಕೈ ಎತ್ತಿತು. ಅವಳನ್ನು ಹೂಳಿದ ಜಾಗದ ಮೇಲೆ ಹೆಸರಿನ ಕಲ್ಲೊಂದನ್ನೂ ನಿಲ್ಲಿಸಲಿಲ್ಲ. ಫ್ರೂಡ್‌ನ ಫೆರೋಡೊ ಕಂಪನಿ ಸೇರಿಕೊಂಡದ್ದೂ 1920ರ ದಶಕದಲ್ಲಿ ಇದೇ ಟರ್ನರ್ ಸಮೂಹಕ್ಕೆ.

1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಎಂಬಿಬ್ಬರು ಬ್ರಿಟಿಷ್ ಸರ್ಕಾರಕ್ಕೆ ವರದಿ ಒಪ್ಪಿಸಿದರು. ಪರೀಕ್ಷೆಗೆ ಒಳಗಾದ ಕಲ್ನಾರು ಕಾರ್ಮಿಕರಲ್ಲಿ ಸುಮಾರು ಕಾಲು ಭಾಗದವರ ಶ್ವಾಸಕೋಶ ಗಟ್ಟಿಯಾಗಿ ಹೋಗಿತ್ತು. 1931ರಲ್ಲಿ ನಿಯಮಗಳು ಬಂದವು, ಕಾರ್ಖಾನೆಯೊಳಗಿನ ಕೆಲವು ಕೆಲಸಗಳಿಗೆ ಮಾತ್ರ. ಬ್ರೇಕ್ ಡ್ರಮ್ ಬಿಚ್ಚಿ, ಕಂಪ್ರೆಸರಿನ ಗಾಳಿ ಹಾಯಿಸಿ ಒಳಗಿನ ಧೂಳನ್ನು ಹಾರಿಸುವ ಮೆಕ್ಯಾನಿಕ್ ಆ ಲೆಕ್ಕಕ್ಕೆ ಬರಲಿಲ್ಲ. 1960ರಲ್ಲಿ ದಕ್ಷಿಣ ಆಫ್ರಿಕಾದ ಕಲ್ನಾರು ಗಣಿಗಳ ಸುತ್ತಲಿನ ಜನರಲ್ಲಿ ಮೀಸೊಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರನ್ನು ವ್ಯಾಗ್ನರ್ ಎಂಬ ರೋಗಶಾಸ್ತ್ರಜ್ಞ ಮತ್ತು ಸಂಗಡಿಗರು ಗುರುತಿಸಿದರು. ಅವರಲ್ಲಿ ಗಣಿಯೊಳಗೆ ಎಂದೂ ದುಡಿಯದವರೂ ಇದ್ದರು. ಗಂಡನ ಕೆಲಸದ ಬಟ್ಟೆ ಒದರಿ ಒಗೆದ ಹೆಂಡತಿಯರಿಗೂ ಈ ರೋಗ ಬಂದದ್ದು ಆಮೇಲೆ ಲಂಡನ್ನಿನಲ್ಲಿ ಕಂಡುಬಂತು. ನಾರು ಒಳಹೊಕ್ಕ ಮೇಲೆ ರೋಗ ಹೊರಬೀಳಲು ಇಪ್ಪತ್ತು, ನಲವತ್ತು ವರ್ಷ ಹಿಡಿಯುತ್ತದೆ. ಕಾರು ಗುಜರಿಗೆ ಹೋಗಿ, ಅದನ್ನು ಓಡಿಸಿದವನೂ ತೀರಿಹೋಗಿ, ಅದರ ಬಿಸಿ ತಡೆದವಳು ಆಗ ಕೆಮ್ಮಲು ತೊಡಗುತ್ತಾಳೆ.

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಇಲ್ಲಿ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಕರ್ಮಸಿದ್ಧಾಂತ ನಂಬಿದವರಿಗೆ ಇದು ನಿಜವಾದ ತೊಡಕು. ಅದು ಆಕೆಯ ಹಿಂದಿನ ಜನ್ಮದ ಫಲವಿರಬೇಕು ಎಂದು ಹೇಳಿ ಪಾರಾಗುವ ಜನ ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಕರ್ಮದ ಮಾತು ಹುಟ್ಟಿದ್ದು ಮಾಡುವವನ ಕೈಯನ್ನು ಹಿಡಿಯಲು, ನರಳುವವನ ಮೈಯಲ್ಲಿ ತಪ್ಪು ಹುಡುಕಲು ಅಲ್ಲ. ಬುದ್ಧನಿಗೆ ಇದು ಸ್ಪಷ್ಟವಾಗಿತ್ತು. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಕೇಳಿದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಹಾಗೆನ್ನುವುದು ತಪ್ಪು ಎಂದು ಬುದ್ಧ ನೇರವಾಗಿ ಹೇಳುತ್ತಾನೆ. ಪಿತ್ತ, ಕಫ, ವಾತ, ಅವು ಕೂಡುವುದು, ಋತು ಬದಲಾವಣೆ, ಅಜಾಗರೂಕತೆ, ಹೊರಗಿನ ಪೆಟ್ಟು ಎಂದು ಏಳು ಕಾರಣಗಳನ್ನು ಎಣಿಸಿ, ಕರ್ಮವನ್ನು ಎಂಟನೆಯದಾಗಿ ಇಡುತ್ತಾನೆ. ಕಲ್ನಾರಿನ ಧೂಳು ಒಳಹೊಕ್ಕ ಶ್ವಾಸಕೋಶಕ್ಕೆ ಕಾರಣ ಬೇಕಾದರೆ ಆ ಏಳರಲ್ಲಿ ಹುಡುಕಿದರೆ ಸಾಕು.

ಜೈನರು ಇನ್ನೂ ಹಿಂದಕ್ಕೆ, ಕೆಲಸದ ಬುಡಕ್ಕೇ ಹೋದರು. ಅವರ ದರ್ಶನದಲ್ಲಿ ಬೆಂಕಿಗೂ ಜೀವವಿದೆ, ತೇಜಸ್ಕಾಯಿಕ ಜೀವಗಳೆಂದು ಅವಕ್ಕೆ ಹೆಸರು. 12ನೇ ಶತಮಾನದ ಹೇಮಚಂದ್ರ ಯೋಗಶಾಸ್ತ್ರದಲ್ಲಿ ಗೃಹಸ್ಥ ದೂರವಿಡಬೇಕಾದ ಹದಿನೈದು ಜೀವನೋಪಾಯಗಳನ್ನು ಪಟ್ಟಿ ಮಾಡುವಾಗ ಮೊದಲಿಗೆ ಇಡುವುದು ಇದ್ದಿಲು, ಬೆಂಕಿಯ ಕಸುಬನ್ನು. ಬಂಡಿ ಮಾಡಿ ಮಾರುವ ಕಸುಬೂ, ಬಂಡಿ ಬಾಡಿಗೆಯ ಕಸುಬೂ ಆ ಪಟ್ಟಿಯಲ್ಲಿವೆ. ಮೋಟಾರು ಕಾರು ಬೆಂಕಿಯೂ ಹೌದು, ಬಂಡಿಯೂ ಹೌದು. ಈ ವ್ರತವನ್ನು ಇಂದು ಅಕ್ಷರಶಃ ಪಾಲಿಸಿದರೆ ಊರು ನಡೆಯುವುದಿಲ್ಲ ಎಂಬುದು ಖರೆ. ಆದರೂ ಕಸುಬು ಆರಿಸುವ ಮುನ್ನವೇ ಅದರ ಹಾನಿ ಯಾರ ಮೈಗೆ ಹೋಗುತ್ತದೆಂದು ಕೇಳಬೇಕು ಎಂಬ ಆ ನಿಷ್ಠುರತೆಯನ್ನು ಹಳತೆಂದು ತಳ್ಳುವಂತಿಲ್ಲ. ಕಾರು ಬಿಡಲಾರದವರು, ಬೆಂಕಿ ಬಿಡಲಾರದವರು ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಅದಕ್ಕೆ ಉತ್ತರದ ಸುಳಿವು ಇನ್ನೂ ಹಳೆಯ ಜಾಗದಲ್ಲಿದೆ, ಯಜ್ಞಶಾಲೆಯಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳ ದರ್ಶಪೂರ್ಣಮಾಸ ಇಷ್ಟಿಯಲ್ಲಿ ಹವಿಸ್ಸು ಸಲ್ಲುವ ಆಹವನೀಯ ಅಗ್ನಿಯ ಸುತ್ತ ಮೂರು ಕಟ್ಟಿಗೆಗಳನ್ನು ಇಡುತ್ತಾರೆ, ಪಶ್ಚಿಮಕ್ಕೊಂದು, ದಕ್ಷಿಣಕ್ಕೊಂದು, ಉತ್ತರಕ್ಕೊಂದು. ಇವಕ್ಕೆ ಪರಿಧಿ ಎಂದು ಹೆಸರು. ಪೂರ್ವಕ್ಕೆ ಏನೂ ಇಲ್ಲ, ಆ ಕಡೆಯನ್ನು ಸೂರ್ಯನೇ ಕಾಯುತ್ತಾನೆ. ಮೂರೂ ಒಂದಕ್ಕೊಂದು ತಾಗುವಂತೆ ಇಡಬೇಕೆಂದು ತೈತ್ತಿರೀಯ ಸಂಹಿತೆ ಹೇಳುತ್ತದೆ, ನಡುವೆ ಸಂದು ಉಳಿದರೆ ರಾಕ್ಷಸರು ನುಸುಳುತ್ತಾರೆ. ಗ್ಯಾಸ್ಕೆಟ್ ಕೂರಿಸುವ ಮೆಕ್ಯಾನಿಕ್ ಈ ಸೂಚನೆಯನ್ನು ತಟ್ಟನೆ ಅರ್ಥಮಾಡಿಕೊಂಡಾನು. ಕಟ್ಟಿಗೆ ಮುತ್ತುಗದ್ದಾದರೆ ಒಳ್ಳೆಯದು, ಮತ್ತು ಅದು ಹಸಿಯಾಗಿರಬೇಕು, ಅದರ ಜೀವ ಇರುವುದೇ ಆ ಹಸಿಯಲ್ಲಿ ಎನ್ನುತ್ತದೆ ಶತಪಥ ಬ್ರಾಹ್ಮಣ. ಬೆಂಕಿಯ ಪಕ್ಕದಲ್ಲಿ ಒಣ ಕಟ್ಟಿಗೆ ಇಟ್ಟರೆ ಏನಾಗುತ್ತದೆಂದು ಆ ಋತ್ವಿಜರಿಗೆ ತಿಳಿದಿತ್ತು.

ಆ ಪರಿಧಿಗಳು ಯಾರು ಎಂಬುದಕ್ಕೆ ಒಂದು ಕಥೆಯಿದೆ. ಅಗ್ನಿಗೆ ಮೂವರು ಅಣ್ಣಂದಿರಿದ್ದರು. ದೇವತೆಗಳಿಗೆ ಹವಿಸ್ಸು ಹೊರುವ ಕೆಲಸ ಮಾಡುತ್ತ ಮಾಡುತ್ತ ಮೂವರೂ ನಾಶವಾದರು. ಮುಂದಿನ ಸರದಿ ತನ್ನದೆಂದು ಹೆದರಿದ ಅಗ್ನಿ ಓಡಿಹೋಗಿ ನೀರಿನಲ್ಲಿ ಅಡಗಿದ. ಮೀನು ಅವನ ಸುಳಿವು ಕೊಟ್ಟಿತು. ದೇವತೆಗಳು ಬಂದು ಮತ್ತೆ ಕೆಲಸಕ್ಕೆ ಬಾ ಎಂದಾಗ ಅವನು ಸುಮ್ಮನೆ ಎದ್ದು ಬರಲಿಲ್ಲ, ತೀರಿಹೋದ ಅಣ್ಣಂದಿರ ಲೆಕ್ಕ ಚುಕ್ತಾ ಆಗಬೇಕೆಂದು ಹಟ ಹಿಡಿದ. ಶತಪಥದಲ್ಲಿ ಆ ಮೂವರನ್ನೇ ಪರಿಧಿಗಳಾಗಿ ಅವನ ಸುತ್ತ ಇರಿಸುತ್ತಾರೆ. ಪರಿಧಿಯ ಹೊರಗೆ ಚೆಲ್ಲುವ ಹವಿಸ್ಸೆಲ್ಲ ಅವರ ಪಾಲು ಎಂದು ಗೊತ್ತುಮಾಡುತ್ತಾರೆ.

ಬೆಂಕಿಗೆ ಬೇಲಿಯಾಗಿ ನಿಂತವರು ಅದೇ ಬೆಂಕಿಯ ಕೆಲಸದಲ್ಲಿ ಸತ್ತವರು! ಯಜ್ಞದ ಕಥೆಯನ್ನು ಕಾರ್ಮಿಕ ಕಾನೂನು ಎಂದು ಓದುವುದು ಅತಿಯಾದೀತು. ಅಲ್ಲಿಯ ಉದ್ದೇಶ ಬೇರೆ, ಲೋಕ ಬೇರೆ. ಚೆಲ್ಲಿದ್ದನ್ನು ಪಾಲೆಂದು ಕೊಡುವುದು ಎಂಥ ನ್ಯಾಯ ಎಂದೂ ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಆದರೆ ಆ ವಿಧಿಯಲ್ಲಿ ಚೆಲ್ಲಿದ್ದನ್ನು ಹಾಗೇ ಬಿಡುವುದಿಲ್ಲ. ಭುವಪತಿ, ಭುವನಪತಿ, ಭೂತಾನಾಂಪತಿ ಎಂದು ಮೂವರ ಹೆಸರನ್ನೂ ಒಬ್ಬೊಬ್ಬರಾಗಿ ಹೇಳಿ, ಸ್ವಾಹಾಕಾರದಿಂದ ಸಲ್ಲಿಸುತ್ತಾರೆ. ನಿಷಾದ ತಾಯಿಗೆ ವ್ಯಾಸಭಾರತದಲ್ಲಿ ಸಿಗದ ಹೆಸರು, ನೆಲ್ಲಿ ಕರ್ಷಾಳ ಗೋರಿಯ ಮೇಲೆ ಬರೆಯದ ಹೆಸರು, ಬೆಂಕಿಯ ಕೆಲಸದಲ್ಲಿ ಅಳಿದ ಈ ಅಣ್ಣಂದಿರಿಗೆ ಸಿಕ್ಕಿದೆ. ಹೆಸರಿನೊಂದಿಗೆ ಹಕ್ಕಿನ ಪಾಲೂ ಸಿಕ್ಕಿದೆ. ಬಿಸಿಯನ್ನು ಇನ್ನೊಬ್ಬರಿಗೆ ದಾಟಿಸದೆ ಬದುಕು ಸಾಗದು ಎಂದಾದ ಮೇಲೆ ಧರ್ಮ ಕೇಳಬಹುದಾದ ಕನಿಷ್ಠ ಇದು. ತಾಳಿಕೊಂಡವರು ಯಾರೆಂದು ತಿಳಿದಿರಬೇಕು, ಯಜ್ಞದ ಫಲದಲ್ಲಿ ಅವರ ಪಾಲು ಮೊದಲೇ ಗೊತ್ತಾಗಿರಬೇಕು.

ಭಾರತದಲ್ಲಿ ಇದಕ್ಕೆ ಹತ್ತಿರ ಬಂದದ್ದು 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಗ್ರಾಹಕರ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯ ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲಿನ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ಈ ಅವಧಿಯ ಹಿಂದೆ ಒಂದು ತಿಳಿವಳಿಕೆಯಿದೆ. ರೋಗ ನಲವತ್ತು ವರ್ಷ ಕಾಯಬಲ್ಲದಾದರೆ ಕಡತವೂ ನಲವತ್ತು ವರ್ಷ ಕಾಯಬೇಕು, ಇಲ್ಲದಿದ್ದರೆ ಪಾಲು ಕೇಳಲು ಬಂದವನಿಗೆ ತಾನು ಅಲ್ಲಿ ದುಡಿದೆನೆಂದು ತೋರಿಸಲೂ ಆಗುವುದಿಲ್ಲ.

ಕಾರಿನ ಲೋಕ ತಾಂತ್ರಿಕವಾಗಿ ಬಹುಪಾಲು ಮುಂದೆ ಬಂದಿದೆ. ಈಗಿನ ಹೆಡ್ ಗ್ಯಾಸ್ಕೆಟ್ಟುಗಳಲ್ಲಿ ಹೆಚ್ಚಿನವು ಪದರ ಪದರದ ಉಕ್ಕಿನವು. ಹೊಸ ಕಾರುಗಳ ಬ್ರೇಕ್ ಪ್ಯಾಡುಗಳಲ್ಲೂ ಕಲ್ನಾರಿನ ಬದಲು ಬೇರೆ ನಾರುಗಳಿವೆ. ಆದರೆ ಬದಲಿ ವಸ್ತುಗಳ ಮೇಲೂ ಕಣ್ಣಿಡಬೇಕು. ಅತಿ ಬಿಸಿಯ ಜಾಗದಲ್ಲಿ ಬಳಸುವ ಸೆರಾಮಿಕ್ ನಾರನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರಬಹುದಾದವುಗಳ ಸಾಲಿಗೆ ಸೇರಿಸಿದೆ. ಬರಿಗೈಯಲ್ಲಿ, ಬರಿ ಮೂಗಿನಲ್ಲಿ ಅದನ್ನು ಕತ್ತರಿಸುವ ಹುಡುಗ ಯಾವ ಕಾರ್ಖಾನೆಯ ದಾಖಲೆಯಲ್ಲೂ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಹಿಡಿದು ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನವರೆಗೆ ಅಂಥವರು ಎಷ್ಟು ಮಂದಿ! ಹಳೆಯ ಗಾಡಿಗಳ ಹಳೆಯ ಪ್ಯಾಕಿಂಗನ್ನು, ಹಳೆಯ ಲೈನಿಂಗನ್ನು ಕೆರೆದು ತೆಗೆಯುವವರೂ ಅವರೇ.

ಆಯುಧ ಪೂಜೆಯ ದಿನ ಕರ್ನಾಟಕದ ಗ್ಯಾರೇಜುಗಳಲ್ಲಿ ಸ್ಪ್ಯಾನರುಗಳನ್ನು ತೊಳೆದು ಬಟ್ಟೆಯ ಮೇಲೆ ಜೋಡಿಸಿ ಕುಂಕುಮ ಹಚ್ಚುತ್ತಾರೆ. ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಬೂದುಗುಂಬಳ ಒಡೆಯುತ್ತಾರೆ. ಆ ಪೂಜೆ ಸುಳ್ಳಲ್ಲ. ವರ್ಷವಿಡೀ ಬದುಕು ಕೊಟ್ಟ ವಸ್ತುವಿಗೆ ಕೈಮುಗಿಯುವ ಒಳ್ಳೆಯ ಗುಣ ಅದರಲ್ಲಿದೆ. ಅದೇ ಕೈ ಮುಗಿದ ಮಾಲೀಕ ಬ್ರೇಕಿನ ಧೂಳನ್ನು ಗಾಳಿ ಹಾಯಿಸಿ ಹಾರಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು ಎಂದು ಹೇಳಿ, ಅದಕ್ಕೆ ಹಿಡಿಯುವ ಹೆಚ್ಚಿನ ಹೊತ್ತಿಗೆ ಕೂಲಿ ಕೊಟ್ಟರೆ ಪೂಜೆ ಪೂರ್ತಿಯಾದಂತೆ. ಒಳ್ಳೆಯ ಮಾಸ್ಕಿನ ದುಡ್ಡನ್ನು ಬಿಲ್ಲಿನಲ್ಲಿ ಸೇರಿಸಿದರೆ ಗೊಣಗಬಾರದು. ಸದ್ದು ಮಾಡುವ ಹೀಟ್ ಶೀಲ್ಡನ್ನು ಬಿಚ್ಚಿ ಎಸೆಯುವ ಬದಲು ಹೊಸ ಬೋಲ್ಟು, ಅಗಲದ ವಾಷರ್ ಹಾಕಿಸಿ ಕೂರಿಸಬೇಕು.

ಇನ್ನು ದೇಶದ ಪಾಲು. ಕಲ್ನಾರಿನ ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ಅಮೆರಿಕ 2024ರ ಮಾರ್ಚ್‌ನಲ್ಲಿ ಕ್ರೈಸೊಟೈಲ್ ಕಲ್ನಾರನ್ನು ನಿಷೇಧಿಸುವ ನಿಯಮ ಹೊರಡಿಸಿತು. ಭಾರತ ತನ್ನ ನೆಲದಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ದಶಕಗಳ ಹಿಂದೆಯೇ ನಿಲ್ಲಿಸಿತು, ಆದರೆ ಹೊರಗಿನಿಂದ ತರಿಸುವುದನ್ನು ನಿಲ್ಲಿಸಿಲ್ಲ. ಆ ನಾರಿನ ಬಹುಪಾಲು ಮನೆಗಳ, ದನದ ಕೊಟ್ಟಿಗೆಗಳ ಮೇಲಿನ ಸಿಮೆಂಟ್ ಶೀಟಿಗೆ ಹೋಗುತ್ತದೆ. ಈ ಆಮದು ನಿಲ್ಲಬೇಕು.